ಅಕ್ಷರಕ್ಕೂ ಮೊದಲಿನ ಪಾಠ: ಪುಟ್ಟ ಮಕ್ಕಳ ಓದಿಗೆ ಮನೆಯಲ್ಲೇ ತಯಾರಿ



ಬೇಸಿಗೆ ರಜೆ ಮುಗಿಯುತ್ತಾ ಬಂತೆಂದರೆ ನಮ್ಮ ಸಂಘಗಳ ನಿರ್ಣಯ ಪುಸ್ತಕದಲ್ಲಿ ಒಂದೇ ತರಹದ ಸಾಲದ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. 'ಮಗುವಿನ ಎಲ್‌ಕೆಜಿ ಫೀಸಿಗೆ.' ದನ ತರಲು, ಮನೆ ರಿಪೇರಿಗೆ, ಆಸ್ಪತ್ರೆ ಖರ್ಚಿಗೆ ಸಾಲ ಕೇಳುವಾಗ ನೂರು ಪ್ರಶ್ನೆ ಕೇಳುವ ಸದಸ್ಯರು ಈ ಸಾಲಕ್ಕೆ ಮಾತ್ರ ಒಂದೂ ಪ್ರಶ್ನೆ ಕೇಳದೆ ಒಪ್ಪುತ್ತಾರೆ. ಮಕ್ಕಳ ಓದಿಗೆ ಎಂದರೆ ಬೇಡ ಅನ್ನೋದು ಹೇಗೆ? ನಾನೂ ಬೇಡ ಅನ್ನುವುದಿಲ್ಲ. ಆದರೆ ಆ ಬೇಡಿಕೆಯ ಹಿಂದೆ ಒಂದು ಮಾತು ಇರುತ್ತದೆ. "ನಮಗಂತೂ ಓದು ಬರಲ್ಲ ಸಿಸ್ಟರ್, ಮನೇಲಿ ಹೇಳ್ಕೊಡೋರು ಯಾರೂ ಇಲ್ಲ, ದುಡ್ಡು ಕೊಟ್ಟಾದ್ರೂ ಕಲೀಲಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಓದು ಬಾರದ ತಾಯಿಯೂ, ಅಜ್ಜಿಯೂ ಮಗುವಿನ ಓದಿಗೆ ಬುನಾದಿ ಹಾಕಬಹುದು. ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸಭೆಗೆ ಹೋದಾಗ ಒಬ್ಬ ತಾಯಿ ತನ್ನ ನಾಲ್ಕು ವರ್ಷದ ಮಗಳನ್ನು ಮುಂದೆ ನಿಲ್ಲಿಸಿದರು. "ಇವ್ಳಿಗೆ ಅ ಆ ಇ ಈ ಪೂರಾ ಬರುತ್ತೆ, ಹೇಳಿಸ್ಲಾ ಸಿಸ್ಟರ್?" ಮಗು ಕಣ್ಣು ಮುಚ್ಚಿ ಒಂದೇ ಉಸಿರಿಗೆ 'ಅ'ದಿಂದ 'ಳ'ದವರೆಗೆ ಹೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ನನ್ನ ಚೀಲದಲ್ಲಿದ್ದ ಒಂದು ಚಿತ್ರದ ಪುಸ್ತಕವನ್ನು ತಲೆಕೆಳಗಾಗಿ, ಹಿಂಬದಿ ಮೇಲೆ ಬರುವ ಹಾಗೆ ಅವಳ ಕೈಗೆ ಕೊಟ್ಟೆ. ಮಗು ಅದನ್ನು ಹಾಗೇ ಹಿಡಿದುಕೊಂಡಿತು. "ಎಲ್ಲಿಂದ ಓದಬೇಕು, ತೋರಿಸು ಪುಟ್ಟಿ" ಎಂದರೆ ಚಿತ್ರದ ಆನೆಯ ಮೇಲೆ ಬೆರಳಿಟ್ಟಳು. 'ಗ' ಯಾವುದು ಎಂದರೆ ತಾಯಿಯ ಮುಖ ನೋಡಿದಳು. ಮಗು ದಡ್ಡಿ ಅಲ್ಲ. ಅವಳಿಗೆ ಹಾಡು ಗೊತ್ತಿತ್ತು, ಅಷ್ಟೇ. ಆ ಹಾಡಿಗೂ ಕಾಗದದ ಮೇಲಿನ ಗುರುತಿಗೂ ಏನೋ ಸಂಬಂಧ ಇದೆ ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ.

ನಮಗೆ ಗೊತ್ತಿಲ್ಲದೇ ಗೊತ್ತಿರುವ ವಿಷಯಗಳು

ನ್ಯೂಜಿಲೆಂಡ್ ದೇಶದಲ್ಲಿ ಮೇರಿ ಕ್ಲೇ ಎಂಬ ಶಿಕ್ಷಣ ತಜ್ಞೆ ಇದ್ದರು. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ಅಚ್ಚಿನ ಅಕ್ಷರದ ಬಗ್ಗೆ ಏನು ತಿಳಿದುಕೊಂಡಿದ್ದಾರೆ ಎಂದು ನೋಡಲು ಅವರು ಒಂದು ಪರೀಕ್ಷೆ ಮಾಡಿದರು. ಅದಕ್ಕಾಗಿ 1972ರಲ್ಲಿ ಒಂದು ಚಿಕ್ಕ ಕಥೆ ಪುಸ್ತಕವನ್ನೇ ಸಿದ್ಧಪಡಿಸಿದರು. ನೋಡೋಕೆ ಸಾಮಾನ್ಯ ಪುಸ್ತಕ. ಒಳಗೆ ಒಂದು ಪುಟದಲ್ಲಿ ಚಿತ್ರ ತಲೆಕೆಳಗು, ಇನ್ನೊಂದು ಪುಟದಲ್ಲಿ ಅಕ್ಷರ ತಲೆಕೆಳಗು, ಮತ್ತೊಂದು ಕಡೆ ಸಾಲುಗಳೇ ಅದಲು ಬದಲು. ಮಗುವಿಗೆ ಇದು ಕಾಣುತ್ತದೆಯೋ ಇಲ್ಲವೋ ಎಂದು ಪುಸ್ತಕ ಓದಿ ಹೇಳುತ್ತಲೇ ಗಮನಿಸುತ್ತಿದ್ದರು. ಮಗು ಓದಬೇಕಾಗಿರಲಿಲ್ಲ, ಬೆರಳು ಮಾಡಿ ತೋರಿಸಿದರೆ ಸಾಕು.

ಇದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ದೊಡ್ಡವರಿಗೆ ಉಸಿರಾಟದಷ್ಟು ಸಹಜವಾದ ಎಷ್ಟೋ ವಿಷಯ ಮಗುವಿಗೆ ಹೊಸದು. ಪುಸ್ತಕಕ್ಕೆ ಮುಂದು ಹಿಂದು ಇದೆ. ಓದುವುದು ಚಿತ್ರವನ್ನಲ್ಲ, ಪಕ್ಕದ ಕಪ್ಪು ಗುರುತುಗಳನ್ನು. ಕನ್ನಡದಲ್ಲಿ ಎಡದಿಂದ ಬಲಕ್ಕೆ ಹೋಗಬೇಕು, ಸಾಲು ಮುಗಿದ ಮೇಲೆ ಕೆಳಗಿನ ಸಾಲಿನ ಎಡತುದಿಗೆ ಮರಳಬೇಕು. ಇದು ಹುಟ್ಟಿನಿಂದ ಬರುವ ಜ್ಞಾನ ಅಲ್ಲ. ನಿಮ್ಮ ಪಕ್ಕದ ಮನೆಯ ಉರ್ದು ಶಾಲೆಯ ಮಗು ಬಲದಿಂದ ಎಡಕ್ಕೆ ಓದುತ್ತದಲ್ಲ! ಅಂದರೆ ಯಾರಾದರೂ ಒಬ್ಬರು ತೋರಿಸಲೇಬೇಕು.

ಇನ್ನೊಂದಿದೆ, ಇದು ಬಹಳ ಮುಖ್ಯ. ಅಜ್ಜಿ ಹೇಳುವ ಕಥೆ ದಿನಕ್ಕೊಂದು ರೀತಿ ಇರುತ್ತದೆ. ಇವತ್ತು ನರಿ ಹೊಳೆ ದಾಟಿದರೆ ನಾಳೆ ಹಳ್ಳ ದಾಟುತ್ತದೆ. ಪುಸ್ತಕದ ಕಥೆ ಹಾಗಲ್ಲ. ಯಾರು ಓದಿದರೂ, ಯಾವತ್ತು ಓದಿದರೂ ಅದೇ ಮಾತು ಬರುತ್ತದೆ. ಮಗುವಿಗೆ ಇದು ದೊಡ್ಡ ಆಶ್ಚರ್ಯ. ಅದಕ್ಕೇ ಮಕ್ಕಳು ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಿಸಿಕೊಳ್ಳುತ್ತಾರೆ, ಒಂದು ಪದ ಬಿಟ್ಟರೂ "ಹಾಗಲ್ಲ!" ಎಂದು ಜಗಳಕ್ಕೆ ಬರುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಬರೆದದ್ದು ಬದಲಾಗುವುದಿಲ್ಲ ಎಂಬುದನ್ನು ಮಗು ಪರೀಕ್ಷೆ ಮಾಡಿ ನೋಡುತ್ತಿದೆ. ಸಂಘದಲ್ಲಿ ನಾವು ಬಾಯಿಮಾತಿನ ಲೆಕ್ಕ ಒಪ್ಪದೆ ಪುಸ್ತಕದಲ್ಲಿ ಬರೆಸುವುದೂ ಇದೇ ಕಾರಣಕ್ಕೆ ತಾನೇ?

ಮನೆಯಲ್ಲಿ ಒಂದು ಆಟ ಆಡಿ ನೋಡಿ. ಒಂದು ಚೀಟಿಯಲ್ಲಿ 'ಆನೆ', ಇನ್ನೊಂದರಲ್ಲಿ 'ಇರುವೆ' ಎಂದು ಬರೆಯಿರಿ, ಅಥವಾ ಶಾಲೆಗೆ ಹೋಗುವ ಮಗುವಿನಿಂದ ಬರೆಸಿ. ನಾಲ್ಕು ವರ್ಷದ ಮಗುವಿಗೆ ಎರಡೂ ಚೀಟಿ ತೋರಿಸಿ, "ಇದರಲ್ಲಿ ಆನೆ ಅಂತ ಯಾವುದರಲ್ಲಿ ಬರೆದಿದೆ?" ಎಂದು ಕೇಳಿ. ಬಹಳಷ್ಟು ಮಕ್ಕಳು ಉದ್ದ ಇರುವ 'ಇರುವೆ'ಯನ್ನೇ ತೋರಿಸುತ್ತಾರೆ. ದೊಡ್ಡ ಪ್ರಾಣಿಗೆ ದೊಡ್ಡ ಬರಹ ಎಂದು ಅವರ ಲೆಕ್ಕ. ನಗಬೇಡಿ, ಅದು ತಲೆ ಓಡಿಸಿ ಹೇಳಿದ ಉತ್ತರ. ಬರಹ ಪ್ರಾಣಿಯ ಗಾತ್ರವನ್ನು ತೋರಿಸುವುದಿಲ್ಲ, ನಮ್ಮ ಬಾಯಿಯ ಶಬ್ದವನ್ನು ತೋರಿಸುತ್ತದೆ ಎಂದು ಮಗುವಿಗೆ ಹೊಳೆದ ದಿನ ಓದು ಅರ್ಧ ಬಂದ ಹಾಗೆ.

ಶಬ್ದವನ್ನು ಬಿಡಿಸುವುದು

ಹಾಗಾದರೆ ಬಾಯಿಯ ಶಬ್ದವನ್ನು ತುಂಡು ಮಾಡಲು ಮಗುವಿಗೆ ಬರಬೇಕು. ಇದಕ್ಕೆ ಪುಸ್ತಕ ಬೇಡ, ಸ್ಲೇಟು ಬೇಡ, ಓದು ಬಂದಿರಬೇಕಾಗಿಯೂ ಇಲ್ಲ. ಕಮಲ ಎನ್ನುವಾಗ ಮೂರು ಚಪ್ಪಾಳೆ, ಕ-ಮ-ಲ. ಅಜ್ಜಿಗೆ ಎರಡು, ಅ-ಜ್ಜಿ. ಬಾಳೆಹಣ್ಣಿಗೆ ನಾಲ್ಕು. ಮನೆಯವರ ಹೆಸರಿಗೆಲ್ಲ ಚಪ್ಪಾಳೆ ತಟ್ಟಿ ಯಾರ ಹೆಸರು ಉದ್ದ, ಯಾರದು ಗಿಡ್ಡ ನೋಡಿ. ಸೊಪ್ಪು ಬಿಡಿಸುವಾಗ "ಮ ಅಂತ ಶುರುವಾಗೋ ಹೆಸರು ಹೇಳು" ಎನ್ನಿ. ಮೆಣಸಿನಕಾಯಿ ಎಂದರೆ ಅದನ್ನೂ ಒಪ್ಪಿಕೊಳ್ಳಿ, ಪುಟ್ಟ ಮಕ್ಕಳಿಗೆ 'ಮ'ಕ್ಕೂ 'ಮೆ'ಗೂ ಇರುವ ವ್ಯತ್ಯಾಸ ನಿಧಾನವಾಗಿ ತಿಳಿಯುತ್ತದೆ. ಸ್ವಲ್ಪ ದೊಡ್ಡವರಾದ ಮೇಲೆ ಅಂತ್ಯಾಕ್ಷರಿ ಆಡಿಸಿ. ಒಗಟು, ಜೋಗುಳ, ಪ್ರಾಸದ ಹಾಡು ಎಲ್ಲವೂ ಇದೇ ಕೆಲಸ ಮಾಡುತ್ತವೆ. ಗದ್ದೆ ನಾಟಿಯ ಹಾಡು ಬರುವ ಅಜ್ಜಿಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಅವರನ್ನು 'ಅನಕ್ಷರಸ್ಥರು' ಎಂಬ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತೇವೆ, ಮಗುವಿನ ಕಿವಿಗೆ ಅವರೇ ಒಳ್ಳೆಯ ಟೀಚರ್.

ಕನ್ನಡಕ್ಕೆ ಒಂದು ಅನುಕೂಲವೂ ಇದೆ, ಒಂದು ಕಷ್ಟವೂ ಇದೆ. ಅನುಕೂಲ ಏನೆಂದರೆ ಚಪ್ಪಾಳೆಯ ಒಂದು ತುಂಡಿಗೆ ಸಾಮಾನ್ಯವಾಗಿ ಒಂದು ಅಕ್ಷರ. ಇಂಗ್ಲಿಷಿನ ಹಾಗೆ ಬರೆಯುವುದು ಒಂದು, ಓದುವುದು ಇನ್ನೊಂದು ಎಂಬ ಗೋಳು ಕಡಿಮೆ. ಕಷ್ಟ ಏನೆಂದರೆ ಕಲಿಯಬೇಕಾದ ರೂಪಗಳು ಜಾಸ್ತಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. 'ಸೂರ್ಯ' ಎನ್ನುವಾಗ ಬಾಯಲ್ಲಿ ಮೊದಲು ಬರುವ 'ರ್' ಬರಹದಲ್ಲಿ 'ಯ' ಆದ ಮೇಲೆ ಕೂರುತ್ತದೆ. ಪ, ಷ, ಫ, ದ, ಧ, ಬ, ಭ ಒಂದು ಗೆರೆಯಲ್ಲಿ ಬೇರೆಯಾಗುತ್ತವೆ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಓದುವ ಮಕ್ಕಳ ಮೇಲೆ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕನ್ನಡದ ಅಕ್ಷರಗಳ ಪೂರ್ತಿ ಹಿಡಿತಕ್ಕೆ ಇಂಗ್ಲಿಷ್ ಅಕ್ಷರಗಳಿಗಿಂತ ಹೆಚ್ಚು ಕಾಲ ಬೇಕು, ನಾಲ್ಕನೇ ತರಗತಿಯಲ್ಲೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ಅದರಲ್ಲಿ ಕಂಡುಬಂತು. ಪಕ್ಕದ ಮನೆಯ ಮಗು ಎಬಿಸಿಡಿ ಆರು ತಿಂಗಳಲ್ಲಿ ಮುಗಿಸಿತು, ನಮ್ಮದು ಎರಡನೇ ಕ್ಲಾಸಿಗೆ ಬಂದರೂ ಒತ್ತು ತಪ್ಪುತ್ತೆ ಎಂದು ಹೊಡೆಯುವ ತಾಯಂದಿರು ದಯವಿಟ್ಟು ಇದನ್ನು ನೆನಪಿಡಿ. 26 ಅಕ್ಷರಕ್ಕೂ ನಾನೂರಕ್ಕೂ ಪಂದ್ಯ ಇಡಬಾರದು.

'ಅ'ದಿಂದಲೇ ಶುರು ಮಾಡಬೇಕೆಂಬ ಹಟವೂ ಬೇಡ. ನಮ್ಮ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲಿ 'ರ ಗ ಸ ದ ಅ' ಎಂದು ಕಲಿಸುತ್ತಾ ಬಂದಿದ್ದು ಏಕೆ ಎಂದು ಕೆಲವರು ಕೇಳಿದ್ದೀರಿ. ಬರೆಯಲು ಸುಲಭವಾದ ದುಂಡು ಅಕ್ಷರಗಳು, ಜೊತೆಗೆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಅರ್ಥವಿರುವ ಪದ ಸಿಗುತ್ತವೆ. ವಾರದೊಳಗೆ ಮಗು ಪದ ಓದುತ್ತದೆ. 'ಅ'ದಿಂದ 'ಔ'ವರೆಗೆ ಹೋದರೆ ಇಷ್ಟು ಪದ ಸಿಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯೂ ಕಾರ್ಡು, ಆಟ, ಹಾಡುಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯಲಿ ಎಂಬ ವಿಚಾರದಿಂದ ಬಂದದ್ದು.

ಮನೆ ತುಂಬ ಅಕ್ಷರ

"ನಮ್ಮ ಮನೇಲಿ ಪುಸ್ತಕ ಎಲ್ಲಿದೆ ಸಿಸ್ಟರ್?" ಅನ್ನುತ್ತೀರಿ. ಹಾಲಿನ ಪ್ಯಾಕೆಟ್ ಇದೆ. ಬಿಸ್ಕತ್ ಪೊಟ್ಟಣ, ಬೆಂಕಿಪೊಟ್ಟಣ, ಗೋಡೆಯ ಕ್ಯಾಲೆಂಡರ್, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮದುವೆ ಕಾಗದ, ಬಸ್ಸಿನ ಬೋರ್ಡು. ಮಗು 'ನಂದಿನಿ' ಎಂದು ಹೇಳಿದರೆ ಅದು ಬಣ್ಣ, ಚಿತ್ರ ನೋಡಿ ಹೇಳುವುದು, ಓದು ಅಲ್ಲ. ಆದರೂ ಒಳ್ಳೆಯ ಶುರು. ಮುಂದಿನ ಹೆಜ್ಜೆಗೆ ಖಾಲಿ ಪ್ಯಾಕೆಟ್ ತೊಳೆದು ಒಣಗಿಸಿ, ಹೆಸರು ಇರುವ ಭಾಗ ಮಾತ್ರ ಕತ್ತರಿಸಿ ಕೊಡಿ. ಚಿತ್ರ ಇಲ್ಲದೆ ಹೆಸರು ಗುರುತಿಸುತ್ತದೆಯಾ ನೋಡಿ. ಆಮೇಲೆ 'ನ' ಇರುವ ಬೇರೆ ಪೊಟ್ಟಣ ಹುಡುಕಲಿ. ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತನ್ನು ಹಾಳು ಮಾಡಬೇಡಿ. "ನಮ್ಮೂರ ಬಸ್ಸು ಅಂತ ನಂಗೆ ಹೇಗೆ ಗೊತ್ತಾಯ್ತು ಹೇಳು?" ಎಂದು ಕೇಳಿ ಬೋರ್ಡು ತೋರಿಸಿ.

ಎಲ್ಲಕ್ಕಿಂತ ಮೊದಲ ಪದ ಮಗುವಿನ ಸ್ವಂತ ಹೆಸರು. ಅದನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಅವನ ಬಟ್ಟೆ ಇಡುವ ಜಾಗದಲ್ಲಿ ಅಂಟಿಸಿ. ತಟ್ಟೆ, ಚೀಲ, ಎಲ್ಲದಕ್ಕೂ ಹೆಸರು. ಒಂದು ತಿಂಗಳಲ್ಲಿ ಅಣ್ಣನ ಹೆಸರಿಗೂ ತನ್ನದಕ್ಕೂ ವ್ಯತ್ಯಾಸ ಹೇಳುತ್ತಾನೆ, ಹೇಳಿಕೊಟ್ಟವರು ಯಾರೂ ಇರುವುದಿಲ್ಲ!

ಓದುವ, ಬರೆಯುವ ಕೆಲಸ ಮಗುವಿನ ಕಣ್ಣೆದುರು ನಡೆಯಬೇಕು. ಸಂಘದ ಸಭೆಗೆ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಬರುತ್ತೀರಿ. ಪುಸ್ತಕ ಮುಟ್ಟಿದರೆ ಕೈಗೆ ಪಟ್ ಎಂದು ಬೀಳುತ್ತದೆ. ಲೆಕ್ಕದ ಪುಸ್ತಕ, ಗೀಚಿದರೆ ಕಷ್ಟ, ನಿಜ. ಆದರೆ ಪಾಸ್ ಪುಸ್ತಕ ತೆರೆದು "ನೋಡು, ಇದು ನನ್ನ ಹೆಸರು, ಇಲ್ಲಿ ಈ ವಾರದ ದುಡ್ಡು ಬರೆದಿದ್ದಾರೆ" ಎಂದು ಬೆರಳಿಟ್ಟು ತೋರಿಸಲು ಅರ್ಧ ನಿಮಿಷ ಸಾಕು. ಬರೆದದ್ದು ದುಡ್ಡನ್ನೂ ಕಾಯುತ್ತದೆ ಎಂದು ಮಗುವಿಗೆ ತಿಳಿಯುತ್ತದೆ.

"ಕನ್ನಡಕ ಇಲ್ಲ, ಕಾಣಲ್ಲ"

ಇಲ್ಲಿ ಒಂದು ಸೂಕ್ಷ್ಮ ಮಾತು ಹೇಳಬೇಕು. ಮೊಮ್ಮಗಳು ಪುಸ್ತಕ ತಂದು "ಅಜ್ಜಿ, ಇಲ್ಲಿ ಏನು ಬರ್ದಿದೆ?" ಎಂದಾಗ ಎಷ್ಟೋ ಅಜ್ಜಿಯರು, ಅಮ್ಮಂದಿರೂ, "ಕಣ್ಣು ಕಾಣಲ್ಲ ಮಗಾ, ಆಮೇಲೆ" ಎನ್ನುತ್ತಾರೆ. ಕೆಲವರು ಗದರಿಸಿ ಕಳಿಸುತ್ತಾರೆ. ಓದು ಬಾರದು ಎಂದು ಮಗುವಿನ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ಈ ನಾಚಿಕೆ ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ತಿಳಿಯುವುದು ಒಂದೇ, ಪುಸ್ತಕ ತಂದರೆ ದೊಡ್ಡವರಿಗೆ ಸಿಟ್ಟು ಬರುತ್ತದೆ. ಮೂರು ಸಲ ಹೀಗಾದರೆ ನಾಲ್ಕನೇ ಸಲ ಮಗು ಪುಸ್ತಕ ತರುವುದಿಲ್ಲ.

"ನಂಗೆ ಓದೋಕೆ ಬರಲ್ಲ ಪುಟ್ಟಿ, ನಂಗೆ ಯಾರೂ ಶಾಲೆಗೆ ಕಳಿಸಲಿಲ್ಲ. ಬಾ, ಚಿತ್ರ ನೋಡಿ ಕಥೆ ಮಾಡೋಣ" ಎಂದು ನೇರವಾಗಿ ಹೇಳಿಬಿಡಿ. ಮಗುವನ್ನು ಮಡಿಲಲ್ಲಿ ಕೂರಿಸಿ, ಪುಸ್ತಕವನ್ನು ಅದರ ಕೈಗೇ ಕೊಡಿ. ಮುಖಪುಟ ನೋಡಲಿ, ಪುಟ ತಾನೇ ತಿರುಗಿಸಲಿ. ಯಾರಿದು, ಏನು ಮಾಡ್ತಿದ್ದಾನೆ, ಮುಂದೆ ಏನಾಗಬಹುದು ಎಂದು ಮಾತಾಡಿ. ನಿಮ್ಮ ಹಟ್ಟಿಯ ಹಸು, ನಿಮ್ಮ ತೋಟದ ಕೋತಿ ಎಲ್ಲವೂ ಕಥೆಯೊಳಗೆ ಬರಲಿ. ಆಮೇಲೆ ನಾಲ್ಕನೇ ಐದನೇ ತರಗತಿಯ ಅಕ್ಕನನ್ನೋ ಪಕ್ಕದ ಮನೆ ಹುಡುಗನನ್ನೋ ಕರೆದು ಅದೇ ಪುಸ್ತಕ ಓದಿಸಿ. ಅವರಿಗೂ ಓದಿನ ಅಭ್ಯಾಸ, ಇವಳಿಗೂ ಕಥೆ.

ಓದು ಬರುವವರು ಓದುವಾಗ ಪದದ ಕೆಳಗೆ ಬೆರಳು ಸರಿಸುತ್ತಾ ಓದಿ. ನಡುವೆ ಒಮ್ಮೆ "ಈಗ ಎಲ್ಲಿಗೆ ಹೋಗಲಿ?" ಎಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿ ಕೇಳಿ. ಪ್ರತಿ ಪುಟಕ್ಕೂ 'ಇದು ಯಾವ ಅಕ್ಷರ, ಇದು ಯಾವ ಅಕ್ಷರ' ಎಂದು ಪೊಲೀಸ್ ವಿಚಾರಣೆ ಮಾಡಬೇಡಿ, ಕಥೆಯ ರುಚಿ ಹೋಗುತ್ತದೆ. ಕೆಲವು ದಿನಗಳ ಮೇಲೆ ಮಗು ತಾನೇ ಪುಸ್ತಕ ಹಿಡಿದು ಬಾಯಿಪಾಠದಲ್ಲಿ 'ಓದುತ್ತದೆ'. ಸುಳ್ಳು ಓದು ಎಂದು ತಮಾಷೆ ಮಾಡಬೇಡಿ. ಓದುವವರ ಹಾಗೆ ಕೂತು, ಓದುವವರ ಹಾಗೆ ಪುಟ ತಿರುಗಿಸಿ, ಪುಸ್ತಕದ ಮಾತನ್ನು ಬಾಯಿಗೆ ತಂದುಕೊಳ್ಳುತ್ತಿದೆ. ಪುಸ್ತಕದ ಮಾತೇ ಬೇರೆ ಅಲ್ಲವೇ? ನಾವು 'ಮನೇಲಿ' ಎನ್ನುತ್ತೇವೆ, ಪುಸ್ತಕ 'ಮನೆಯಲ್ಲಿ' ಎನ್ನುತ್ತದೆ. 'ಬರ್ತೀನಿ' ಅನ್ನುವುದು ಪುಸ್ತಕದಲ್ಲಿ 'ಬರುತ್ತೇನೆ'. ಕಿವಿಯಲ್ಲಿ ಮೊದಲೇ ಕೇಳಿದ ಮಗುವಿಗೆ ಒಂದನೇ ತರಗತಿಯಲ್ಲಿ ಇದು ಅಪರಿಚಿತ ಭಾಷೆ ಅನ್ನಿಸುವುದಿಲ್ಲ.

ತುಳು, ಕೊಂಕಣಿ, ಲಂಬಾಣಿ, ತೆಲುಗು, ಉರ್ದು ಮಾತಾಡುವ ಮನೆಗಳಲ್ಲಿ ಒಂದು ಅನುಮಾನ ಇರುತ್ತದೆ, ಕನ್ನಡ ಕಲಿಯಬೇಕಾದರೆ ಮನೆಮಾತು ಬಿಡಬೇಕಾ ಎಂದು. ಖಂಡಿತ ಬೇಡ. ಕಥೆ ಹೇಳುವುದು, ಚಪ್ಪಾಳೆ ಆಟ ಎಲ್ಲವನ್ನೂ ಮನೆಮಾತಿನಲ್ಲೇ ಮಾಡಿ. ಶಬ್ದವನ್ನು ಬಿಡಿಸುವ ಜಾಣತನ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಜೊತೆಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಕೊಂಕಣಿಯನ್ನೂ ತುಳುವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇವೆ, ಅಲ್ಲಿಯ ತಾಯಂದಿರಿಗೆ ಇನ್ನೂ ಸುಲಭ.

ಪೆನ್ಸಿಲ್‌ಗೆ ಅವಸರ ಬೇಡ

ಮೂರು ವರ್ಷದ ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ ನೂರು ಸಲ ತಿದ್ದಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಬೆರಳುಗಳಿಗೆ ಇನ್ನೂ ಶಕ್ತಿ ಬಂದಿರುವುದಿಲ್ಲ. ಚಪಾತಿ ಹಿಟ್ಟು ನಾದಲಿ, ಅವರೆಕಾಯಿ ಸುಲಿಯಲಿ, ಹೂ ಪೋಣಿಸಲಿ, ರಂಗೋಲಿ ಪುಡಿ ಹಿಡಿಯಲಿ. ಹಿಂದಿನವರು ಮರಳಿನಲ್ಲಿ, ಅಕ್ಕಿಯಲ್ಲಿ ಬೆರಳಿನಿಂದ ಬರೆಸುತ್ತಿದ್ದರು, ಅದು ಬುದ್ಧಿವಂತ ಪದ್ಧತಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸೊಟ್ಟ ಸೊಟ್ಟ ಗೀಚಿ "ಅಮ್ಮ, ನಾನು ಚೀಟಿ ಬರ್ದೆ" ಎಂದರೆ "ಏನು ಬರೆದೆ, ಓದು" ಎಂದು ಕೇಳಿ. ಸಕ್ಕರೆ, ಚಾಪುಡಿ ಎಂದು ಓದುತ್ತದೆ. ಬರಹಕ್ಕೆ ಅರ್ಥ ಇದೆ ಎಂದು ಗೊತ್ತಿರುವ ಮಗು ಅದು, ಅಕ್ಷರದ ಆಕಾರ ಆಮೇಲೆ ಬರುತ್ತದೆ.

ಅಂಗನವಾಡಿಯನ್ನು 'ಬರೀ ಊಟಕ್ಕೆ' ಎಂದು ಹಗುರ ಮಾಡಬೇಡಿ. ನಮ್ಮ ರಾಜ್ಯದಲ್ಲಿ 1975ರಲ್ಲಿ ತಿ. ನರಸೀಪುರದಲ್ಲಿ ಶುರುವಾದಾಗಿನಿಂದ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸಗಳಲ್ಲಿ ಒಂದು. ಅಲ್ಲಿ ಮಾತು, ಹಾಡು, ಆಟ ನಡೆಯುತ್ತಿದೆಯಾ ಎಂದು ಹೋಗಿ ನೋಡುವ ಹಕ್ಕು ನಿಮಗಿದೆ. ಮಗು ಕರೆದರೆ ತಿರುಗದಿದ್ದರೆ, ಮೂರು ವರ್ಷವಾದರೂ ಸಣ್ಣ ವಾಕ್ಯ ಆಡದಿದ್ದರೆ, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮಾತ್ರ ಕಾಯಬೇಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ವೈದ್ಯರ ತಂಡ ತಪಾಸಣೆ ಮಾಡಬೇಕು. ಯಾವ ದಿನ ಬರುತ್ತಾರೆ ಎಂದು ಕಾರ್ಯಕರ್ತೆಯನ್ನು ಕೇಳಿ, ಆ ದಿನ ಮಗುವನ್ನು ತಪ್ಪಿಸಬೇಡಿ.

ಇಷ್ಟೆಲ್ಲ ಯಾಕೆ ಎಂದರೆ, 2024ರ ಅಸರ್ ಸಮೀಕ್ಷೆಯಲ್ಲಿ ಭಾರತದ ಹಳ್ಳಿಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ನೂರಕ್ಕೆ ಸುಮಾರು 27 ಮಾತ್ರ. ಉಳಿದ ಮಕ್ಕಳೂ ಶಾಲೆಗೆ ಸೇರಿದವರೇ. ಮೂರನೇ ತರಗತಿಯ ನಂತರ ಲೆಕ್ಕ, ವಿಜ್ಞಾನ, ಸಮಾಜ ಎಲ್ಲವೂ ಓದಿನ ಮೇಲೆಯೇ ನಿಂತಿರುತ್ತವೆ. ಅಲ್ಲಿ ಹಿಂದೆ ಬಿದ್ದ ಮಗುವೇ ಎಂಟನೇ ತರಗತಿಗೆ ಬಂದಾಗ "ಶಾಲೆ ಬೇಡ, ಕೆಲಸಕ್ಕೆ ಹೋಗ್ತೀನಿ" ಎನ್ನುವುದು. ಹೆಣ್ಣು ಮಗುವಾದರೆ ಮುಂದಿನ ಮಾತು ಮದುವೆ.

ಸಂಘದಿಂದ ಏನು ಮಾಡಬಹುದು?

ಒಂದು ರಟ್ಟಿನ ಡಬ್ಬವನ್ನೋ ಹಳೆಯ ಟ್ರಂಕನ್ನೋ ಸಂಘದ 'ಮಕ್ಕಳ ಪೆಟ್ಟಿಗೆ' ಮಾಡಿ. ನ್ಯಾಷನಲ್ ಬುಕ್ ಟ್ರಸ್ಟ್, ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಮುಂತಾದವರು ಕನ್ನಡದಲ್ಲಿ ಕಡಿಮೆ ಬೆಲೆಯ ಚಿತ್ರದ ಪುಸ್ತಕಗಳನ್ನು ತಂದಿದ್ದಾರೆ. ಸದಸ್ಯರು ತಲಾ ಸ್ವಲ್ಪ ಹಾಕಿದರೂ ಹತ್ತು ಪುಸ್ತಕ ಆಗುತ್ತದೆ. ಪುಟಕ್ಕೆ ಒಂದೆರಡೇ ಸಾಲು, ದಪ್ಪ ಅಕ್ಷರ, ನಮ್ಮ ಕಡೆಯ ಬದುಕಿನ ಚಿತ್ರ ಇರುವುದನ್ನು ಆರಿಸಿ. ಹೊಳೆಯುವ ಕಾಗದದ, ಪುಟದ ತುಂಬ ಅಕ್ಷರ ಇರುವ ದೊಡ್ಡ ಪುಸ್ತಕ ಈಗಲೇ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿಗೂ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ದೊಡ್ಡ ಮಗುವಿನ ಹೆಸರಲ್ಲಿ ತಂದ ಪುಸ್ತಕ ಚಿಕ್ಕದಕ್ಕೂ ಆಗುತ್ತದೆ.

ಪೆಟ್ಟಿಗೆಯ ಜವಾಬ್ದಾರಿ ಪ್ರತಿ ತಿಂಗಳು ಒಬ್ಬ ಸದಸ್ಯೆಗೆ. ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಒಂದು ಮನೆಗೆ ಒಂದು ಪುಸ್ತಕ, ಮುಂದಿನ ವಾರ ವಾಪಸ್. ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ, ಆ ಸಾಲಿನಲ್ಲಿ ಸಹಿ ಮಾಡುವ ಜಾಗದಲ್ಲಿ ಮಗುವೇ ತನ್ನ ಗುರುತು ಹಾಕಲಿ, ಗೀಚಿದರೂ ಪರವಾಗಿಲ್ಲ. ಹೆಬ್ಬೆಟ್ಟು ಮಾತ್ರ ಒತ್ತಿಸಬೇಡಿ. ಪುಸ್ತಕ ಹರಿದರೆ ದಂಡ ಹಾಕಬೇಡಿ, ಮೈದಾ ಅಂಟಿನಲ್ಲಿ ಅಂಟಿಸಿ ಮತ್ತೆ ಪೆಟ್ಟಿಗೆಗೆ ಹಾಕಿ. ವರ್ಷದ ಕೊನೆಗೆ ಒಂದೂ ಪುಸ್ತಕ ಹರಿಯದೆ ಹೊಸದಾಗಿಯೇ ಉಳಿದಿದ್ದರೆ ಆಗ ಆ ತಿಂಗಳ ಜವಾಬ್ದಾರಿ ಹೊತ್ತವರನ್ನು ಸಭೆಯಲ್ಲಿ ಎಬ್ಬಿಸಿ ಕೇಳಿ.